ಕಲ್ಲುಕಂಬದ ಮೆಣಸಿನ ಬಳ್ಳಿ

"ಇನ್ನೊಂದೇ ಕಾವು ಮಾರಾಯ್ತಿ, ಎಲೆ ಬಂದೇ ಬಿಡ್ತದೆ," ಎಂದು ರುದ್ರೇಶಾಚಾರಿ ಸರಳಿನ ತುದಿಯನ್ನು ಮತ್ತೆ ಕೆಂಡದೊಳಗೆ ತುರುಕಿದ. ಬೆಳಗಿನಿಂದ ಅವನು ಹೇಳಿದ ಈ 'ಇನ್ನೊಂದೇ' ಎಷ್ಟನೆಯದೋ ಆ ದೇವರೇ ಬಲ್ಲ. ಅವನ ಹೆಂಡತಿ ಪ್ರೇಮಲತಾ ಚಮ್ಮಟಿಗೆಯನ್ನು ನೆಲಕ್ಕೆ ಊರಿ, ಅದರ ಹಿಡಿಗೆ ಎರಡೂ ಕೈ ಕೊಟ್ಟು ನಿಂತಳು. ಕಬ್ಬಿಣ ಕಾಯುವಷ್ಟು ಹೊತ್ತು ಅವಳಿಗೆ ಬಿಡುವು.

ಅವರ ಕುಲುಮೆ ಇರುವುದು ಜಾವಳಿಯಲ್ಲಿ. ಆದರೆ ಈ ಕೆಲಸ ದೇವರಮನೆ ರಸ್ತೆಯ ಎಸ್ಟೇಟಿನದು. ಧರ್ಮೇಶ್ ಗೌಡರು ಅಲ್ಲಿ ಹೋಂಸ್ಟೇ ಮಾಡುತ್ತಿದ್ದರು. ಬಾಗಿಲಲ್ಲಿ ಒಂದು ಕಲ್ಲುಕಂಬ, ಕಂಬಕ್ಕೆ ಹಬ್ಬಿದ ಕಬ್ಬಿಣದ ಮೆಣಸಿನ ಬಳ್ಳಿ ಆಗಬೇಕೆಂದು ಅವರ ಆಸೆ. ಕಂಬ ಕಡೆಯುವವರು ವಸ್ತಾರೆಯ ಗುರುವಯ್ಯ, ಬಳ್ಳಿ ಬಡಿಯುವವನು ರುದ್ರೇಶ. ದಾರದಲ್ಲಿ ಕಂಬದ ಅಳತೆ ತಂದು, ಊರಲ್ಲೇ ಬಳ್ಳಿ ಬಡಿದು, ಬೀಗುತ್ತ ಜೀಪಿಗೆ ಹೇರಿಕೊಂಡು ಬಂದ. ಬಂದು ನೋಡಿದರೆ ಕಂಬದ ಸೊಂಟವೇ ಬೇರೆ! ಅಳತೆ ಕೊಟ್ಟ ಮೇಲೆ ಕಲ್ಲಿನಲ್ಲಿ ಒಂದು ಬಿರುಕು ಸಿಕ್ಕಿತಂತೆ, ಅದು ಹೋಗುವ ತನಕ ಗುರುವಯ್ಯ ಕಡೆಯುತ್ತಲೇ ಹೋದರಂತೆ. ಹೇಳಿ ಕಳಿಸಬೇಕೆಂದು ಅವರಿಗೆ ತೋಚಲಿಲ್ಲ, ಕೇಳಬೇಕೆಂದು ಇವನಿಗೆ ತೋಚಲಿಲ್ಲ. ಒಳ್ಳೇ ಜೋಡಿ!

ಕಂಬವನ್ನು ಜಾವಳಿಗೆ ಹೊತ್ತು ತರಲಾದೀತೇ? ಕುಲುಮೆಯನ್ನೇ ಇಲ್ಲಿಗೆ ತಂದು ಕಂಬದ ಪಕ್ಕದ ಕಾಫಿ ಕಣದಲ್ಲಿ ಹೂಡಿದರು. ದಂಟನ್ನು ಬಗ್ಗಿಸಿ ಕಂಬಕ್ಕೆ ಒಪ್ಪಿಸುವಷ್ಟರಲ್ಲಿ ಅದಕ್ಕೆ ಬೆಸೆದಿದ್ದ ಎಲೆಗಳೆಲ್ಲ ಹರಿದು ಕಿತ್ತು ಬಂದವು. ಈಗ ಅವನ್ನು ಹೊಸದಾಗಿ ತಟ್ಟಬೇಕು. ಕಾಯಿಸು, ಬಡಿ, ಆರಿಸು, ಕಲ್ಲಿಗೆ ಹಿಡಿದು ನೋಡು, ಒರಗಲಿಲ್ಲವೋ ಮತ್ತೆ ಕಾಯಿಸು. ಬಿಸಿಯಿರುವಾಗಲೇ ಹಿಡಿದರೆ ಕಲ್ಲು ಸಿಡಿಯುತ್ತದೆ.

ರುದ್ರೇಶ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಜಾಗ ತೋರಿಸುತ್ತಾನೆ, ಪ್ರೇಮಲತಾ ಅಲ್ಲಿಗೆ ಚಮ್ಮಟಿಗೆ ಹಾಕಬೇಕು. ಮದುವೆಯಾಗಿ ಬಂದ ವರ್ಷ, ಮಾವನ ಕೈ ನಡುಗುತ್ತದೆಂದು ಅವಳು ಹಿಡಿದ ಚಮ್ಮಟಿಗೆ ಅದು. ಆಮೇಲೆ ಅವಳ ಕೈಯಿಂದ ಇಸಿದುಕೊಳ್ಳುವವರು ಯಾರೂ ಬರಲಿಲ್ಲ. ದೀಪಾವಳಿಗೆ ಮುಂಚೆ ಭುಜದ ನೋವು ತಡೆಯಲಾರದೆ ಮೂಡಿಗೆರೆಗೆ ಹೋಗಿ ತೋರಿಸಿದ್ದಳು. "ಇನ್ನೂ ಭಾರ ಎತ್ತಿದ್ರೆ ಈ ಕೈಯಲ್ಲಿ ತಲೆ ಬಾಚ್ಕೊಳ್ಳೋಕೂ ಆಗಲ್ಲ ನೋಡಿ," ಎಂದಿದ್ದರು ಡಾಕ್ಟರಮ್ಮ.

ಗಂಡನಿಗೆ ಹೇಳಬೇಕೆಂದೇ ಮನೆಗೆ ಬಂದಳು. ಅವನೋ, ಅವತ್ತೇ ಈ ಕೆಲಸ ಒಪ್ಪಿಕೊಂಡು ಬಂದಿದ್ದ. ಜನ್ಮವಿಡೀ ಕತ್ತಿ, ಗುದ್ದಲಿ ತಟ್ಟಿದ ಮನುಷ್ಯ, ಒಂದು ಮೆಣಸಿನೆಲೆ ಹಿಡಿದುಕೊಂಡು ಅದರ ನರವನ್ನು ಕಬ್ಬಿಣದಲ್ಲಿ ಹೇಗೆ ಮೂಡಿಸುವುದೆಂದು ಊಟ ಮರೆತು ಕೂತಿದ್ದ. ಆ ಮುಖ ನೋಡಿ ಅವಳ ಮಾತು ಬಾಯಲ್ಲೇ ಉಳಿಯಿತು. ಹೇಳಿದರೆ ಬಳ್ಳಿ ಅಲ್ಲಿಗೇ ನಿಲ್ಲುತ್ತಿತ್ತು. ಹೇಳದೆ ಇಲ್ಲಿಯ ತನಕ ಬಂತು.

ಗುರುವಯ್ಯ ಕಂಬದ ಬುಡದಲ್ಲಿ ಗೋಣಿ ಹಾಸಿ ಕೂತು ಉಳಿ ಆಡಿಸುತ್ತಿದ್ದರು. ಅವರನ್ನು ಕಂಡರೆ ಪ್ರೇಮಲತಾಳಿಗೆ ಹೊಟ್ಟೆಕಿಚ್ಚು. ಕಲ್ಲೇನು ಆರಿ ಹೋಗುತ್ತದೆಯೇ? ಬೇಸರವಾದರೆ ಉಳಿ ಕೆಳಗಿಟ್ಟು ಎಲೆ ಅಡಿಕೆ ಹಾಕಬಹುದು. ಕಬ್ಬಿಣ ಕೆಂಪಗಿರುವಾಗ ಕೈ ನಿಲ್ಲಿಸುವ ಹಾಗಿಲ್ಲ.

"ಹೂಂ, ಬಾ!" ಎಂದ ರುದ್ರೇಶ. ಸರಳು ಅಡಗಲ್ಲಿನ ಮೇಲೆ ಬಂತು. ಅವನು ತಟ್ಟಿದ, ಅವಳು ಹೊಡೆದಳು. ತಟ್ಟಿದ, ಹೊಡೆದಳು. ಎಲೆ ಅಗಲವಾಗುತ್ತ ಬಂದು ಇನ್ನೇನು ತುದಿ ಚೂಪಾಗಬೇಕು, ಭುಜದೊಳಗೆ ಚಳಕ್ಕೆಂದಿತು. ಚಮ್ಮಟಿಗೆ ವಾಲಿ ಎಲೆಯ ಅಂಚನ್ನು ಜಜ್ಜಿಬಿಟ್ಟಿತು.

"ಎಲ್ಲಿ ನೋಡ್ತಿದ್ದೀಯೆ? ಹಾಳಾಯ್ತಲ್ಲ!"

ಹೊತ್ತು ಗೊತ್ತು ನೋಡಿಕೊಂಡು ಬಂದವರಂತೆ ಧರ್ಮೇಶ್ ಗೌಡರು ಅಲ್ಲಿಗೇ ಬಂದರು. "ಆಚಾರ್ರೇ, ಯಾಕೆ ಇಷ್ಟು ಒದ್ದಾಡ್ತೀರಿ? ಚಿಕ್ಕಮಗಳೂರಲ್ಲಿ ಮೆಷಿನಲ್ಲಿ ಒತ್ತಿದ ಎಲೆ ರೆಡಿ ಸಿಗ್ತವೆ. ದಂಟು ನಿಮ್ದೇ ಇರ್ಲಿ, ಎಲೆ ತಂದು ವೆಲ್ಡಿಂಗ್ ಮಾಡ್ಸಿದ್ರಾಯ್ತು."

"ಛೆ ಛೆ, ಗೌಡ್ರೇ! ಇಂಥ ಕಲ್ಲಿನ ಮೇಲೆ ತಗಡಿನೆಲೆಯಾ? ನಮ್ಮನೆಯವಳ ಏಟು ನೀವು ನೋಡಿಲ್ಲ. ಬೆಳಗಿಂದ ಸಂಜೆ ತನಕ ಹೊಡೀಲಿ, ಸುಸ್ತು ಅನ್ನೋದೇ ಗೊತ್ತಿಲ್ಲ ಇವಳಿಗೆ."

ಹೆಮ್ಮೆಯಿಂದಲೇ ಹೇಳಿದ, ಪಾಪ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

"ತರ್ಸಿ ಗೌಡ್ರೇ," ಎಂದಳು. "ರೆಡಿ ಎಲೆನೇ ತರ್ಸಿ. ನನ್ ಕೈಲಿ ಆಗಲ್ಲ."

"ಏನಂದೆ?" ರುದ್ರೇಶ ತಿರುಗಿದ.

"ಆಗಲ್ಲ ಅಂದೆ. ಭುಜ ಹೋಗಿದೆ. ದೀಪಾವಳಿಗಿಂತ ಮೊದ್ಲೇ ಹೋಗಿದೆ. ಚಮ್ಮಟಿಗೆ ಮುಟ್ಟಬೇಡ ಅಂದಿದ್ರು ಡಾಕ್ಟ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವ್ಯಾವತ್ತು ಕೇಳಿದ್ರಿ?"

ಹೊರಗಿನವರ ಎದುರು ಗಂಡನಿಗೆ ಹೀಗೆ ಅಂದವಳಲ್ಲ ಅವಳು. ಗೌಡರು ಮೊಬೈಲ್ ತೆಗೆದು ನೋಡಿದ ಹಾಗೆ ಮಾಡಿ, "ಸರಿ, ನೀವೇ ಮಾತಾಡ್ಕೊಂಡು ಸಂಜೆ ಹೇಳಿ," ಎಂದು ಬಂಗಲೆಯ ಕಡೆ ನಡೆದರು.

ಗುರುವಯ್ಯ ಗೋಣಿಯ ಮೇಲೆ ಪಕ್ಕಕ್ಕೆ ಸರಿದರು. "ಬಾ ಪ್ರೇಮಮ್ಮ, ಕೂತ್ಕೋ." ಅವಳು ಚಮ್ಮಟಿಗೆಯನ್ನು ಅಡಗಲ್ಲಿಗೆ ಒರಗಿಸಿ ಹೋಗಿ ಕೂತಳು. ಕಂಬದ ತಂಪು ಬೆನ್ನಿಗೆ ತಾಗಿತು.

"ರುದ್ರೇಶಾ," ಎಂದರು ಗುರುವಯ್ಯ, "ತಗಡೂ ಬೇಡ, ಏನೂ ಬೇಡ. ದಂಟು ನಿಂದು ಇರ್ಲಿ. ಎಲೆಗಳನ್ನ ನಾನು ಕಲ್ಲಲ್ಲೇ ಮೂಡಿಸ್ತೀನಿ. ನಿಧಾನ ಆಗ್ತದೆ, ಆಗ್ಲಿ."

ರುದ್ರೇಶ ಆ ಜಜ್ಜಿದ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿ ಮತ್ತೆ ಕೆಂಡಕ್ಕೆ ಇಟ್ಟ. ಕೆಂಪಾದದ್ದನ್ನು ಎಡಗೈಯ ಇಕ್ಕಳದಲ್ಲಿ ಹಿಡಿದು, ಬಲಗೈಯಲ್ಲಿ ಚಮ್ಮಟಿಗೆಯನ್ನು ಅದರ ಕುತ್ತಿಗೆಯ ಹತ್ತಿರವೇ ಹಿಡಿದು ಎತ್ತಿದ. ಏಟು ಜಾರಿತು. ಅಭ್ಯಾಸಬಲದಿಂದ 'ಬಾ' ಎನ್ನಲು ಅವಳ ಕಡೆ ನೋಡಿದವನು, ಇಕ್ಕಳದ ಹಿಡಿತ ಬಿಗಿ ಮಾಡಿದ. ಇನ್ನೊಮ್ಮೆ ಎತ್ತಿದ.

ಪ್ರೇಮಲತಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಅವನು ಎತ್ತಿದಾಗಲೆಲ್ಲ ಅವಳ ಬಲಭುಜ ತಾನಾಗಿಯೇ ಮೇಲೇಳುತ್ತಿತ್ತು. ಎಡಗೈಯಿಂದ ಅದನ್ನು ಒತ್ತಿ ಹಿಡಿದಳು. ಮುಂದಿನ ಏಟಿಗೆ ಅದು ಮತ್ತೆ ಎದ್ದಿತು.