ಸಿದ್ದಕ್ಕನ ಸೀಟು ತಣ್ಣಗಾದದ್ದು

ಸಿದ್ದಕ್ಕನಿಗೆ ಸಿಟ್ಟು ಬಂದದ್ದು ಸೀಟು ತಣ್ಣಗಾಯಿತೆಂದಲ್ಲ. ಮಗ ತನ್ನ ಮಾತು ನಂಬಲಿಲ್ಲವಲ್ಲ, ಅದಕ್ಕೆ. ಖಾನಾಪುರದ ಓಣಿಯಲ್ಲಿ ಸಿದ್ದಕ್ಕ ಹೇಳಿದಳೆಂದರೆ ಮುಗಿಯಿತು, ಮತ್ತೊಬ್ಬರ ಸಾಕ್ಷಿ ಬೇಕಿರಲಿಲ್ಲ. ಜಗಳವಾಡಿದವರೂ ನ್ಯಾಯ ಕೇಳಲು ಅವಳ ಕಟ್ಟೆಗೇ ಬರುತ್ತಿದ್ದರು. ಅಂಥವಳಿಗೆ ಹೊಟ್ಟೆಯಲ್ಲಿ ಹುಟ್ಟಿದವನೇ ಎದುರಾಡಿದರೆ ಹೇಗಾಗಬೇಡ?

ಮಗ ಬಾಳೇಶ ಬ್ಯಾಂಕಿನಲ್ಲಿ ಮ್ಯಾನೇಜರ್. ತಾಯಿಯ ಬೆನ್ನುನೋವಿಗೆಂದೇ ಸೀಟು ಬಿಸಿಯಾಗುವ ಕಾರು ಹುಡುಕಿ ತಂದಿದ್ದ. ಗುಂಡಿ ಒತ್ತಿದರೆ ಕೆಂಪು ದೀಪ ಹತ್ತಿ ಬೆನ್ನಿಗೆ ಹಿತವಾದ ಶಾಖ. ಆದರೆ ಕಣಕುಂಬಿಯ ಮಗಳ ಮನೆಗೆ ಹೊರಟಾಗಲೆಲ್ಲ ಜಾಂಬೋಟಿ ದಾಟುವಷ್ಟರಲ್ಲಿ, ಮಳೆಯ ಚಳಿ ಮೈಗೆ ಹತ್ತುವ ಹೊತ್ತಿಗೇ, ದೀಪ ತಾನಾಗಿ ಆರಿಬಿಡುತ್ತಿತ್ತು. ಬೆಳಗಾವಿಯ ಒಂದು ಗ್ಯಾರೇಜಿನವರು ಬಿಸಿ ಅಳೆಯುವ ಸೆನ್ಸರ್ ಕೆಟ್ಟಿದೆಯೆಂದು ಹೊಸದು ಹಾಕಿದರು. ಅವರ ಮುಂದೆ ಸೀಟು ಎಷ್ಟು ಹೊತ್ತಾದರೂ ಬೆಚ್ಚಗೇ ಇತ್ತು. ಕಣಕುಂಬಿಯ ದಾರಿಯಲ್ಲಿ ಮತ್ತೆ ಆರಿತು.

"ಗುಂಡಿಗೆ ನೀನ ಕೈ ತಾಗಿಸಿರಬೇಕವ್ವಾ," ಎಂದ ಬಾಳೇಶ.

"ತಾಗಿಸಿದ್ರ ತಾಗಿಸೀನಿ ಅಂತಿದ್ನಿ. ನಾ ಏನ್ ಸುಳ್ಳ ಹೇಳಾಕ್ಯೇನೋ?"

ಇದು ಇತ್ಯರ್ಥವಾಗಲೇಬೇಕೆಂದು ಹಟ ಹಿಡಿದು ಸಿದ್ದಕ್ಕ ಬೆಳಗಾವಿ ಹತ್ತಿರದ ಮಚ್ಛೆಗೆ ಕಾರು ಹೊಡೆಸಿದಳು. ಅಲ್ಲಿ ಶರ್ವರಿ ಎಂಬ ಹುಡುಗಿ ಕಾರುಗಳ ವೈರಿಂಗ್ ನೋಡುವ ಗ್ಯಾರೇಜು ಇಟ್ಟಿದ್ದಳು.

ಶರ್ವರಿ ಸ್ಕ್ಯಾನರ್ ಜೋಡಿಸಿ, ಸಿದ್ದಕ್ಕನನ್ನು ಸೀಟಿನಲ್ಲಿ ಕೂರಿಸಿ ಕಾದಳು. ದೀಪ ಆರಲೇ ಇಲ್ಲ. ಬಾಳೇಶನ ತುಟಿಯಂಚಿನ ನಗು ಕಂಡು ಸಿದ್ದಕ್ಕನ ಮೈ ಉರಿಯಿತು.

"ಅಜ್ಜಿ, ದಾರ್‍ಯಾಗ ಹೆಂಗ ಕುಂತಿರ್ತೀರಿ? ಹಂಗ ಕುಂದರ್ರಿ, ನೋಡೂಣು," ಎಂದಳು ಶರ್ವರಿ.

"ಹಂಗ ಅಂದ್ರ ನನ್ನ ಕಂಬಳಿ ಬೇಕವಾ. ಅದು ಡಿಕ್ಕ್ಯಾಗೈತಿ."

ಶರ್ವರಿಯೇ ತಂದು ಹಾಸಿದಳು. ಸಿದ್ದಕ್ಕ ನೂತ ಉಣ್ಣೆಯಲ್ಲಿ ಅವಳ ಗಂಡ ನೇಯ್ದ ಕರಿಯ ಕಂಬಳಿ, ಮಡಿಚಿದರೆ ಬೆರಳುದಪ್ಪ. ಸಿದ್ದಕ್ಕ ಅದರ ಮೇಲೆ ಕೂತು, ಎಲ್ಲರಿಗೂ ಕಾಣುವಂತೆ ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡಳು. ಸ್ಕ್ಯಾನರಿನಲ್ಲಿ ಸೀಟಿನ ಬಿಸಿ ಏರುತ್ತ ಹೋಯಿತು, ಏರುತ್ತಲೇ ಹೋಯಿತು. ಪಟ್ಟನೆ ದೀಪ ಆರಿತು.

"ನೋಡಿದೇನೋ? ನನ್ನ ಕೈ ಎಲ್ಲ್ಯಾವ ಹೇಳು!" ಎಂದು ಸಿದ್ದಕ್ಕ ಮಗನಿಗೆ ಗುಡುಗಿದಳು.

ಶರ್ವರಿ ನಕ್ಕಳು. "ಸೆನ್ಸರ್ ಕೆಟ್ಟಿಲ್ಲರೀ. ಅದು ಇರೂದು ಕುಂದರೂ ಜಾಗಾದ ಕೆಳಗ. ಕಂಬಳಿ ಹಾಸಿದ್ರ ಕಾವು ಹೊರಗ ಹೋಗವಲ್ದು. ಸೀಟು ಸುಡಾಕ ಹತ್ತೇತಿ ಅಂತ ತಿಳಕೊಂಡು ಎಲ್ಲಾ ಬಂದ್ ಮಾಡತೈತಿ, ಬೆನ್ನಿಂದೂ ಸಹಿತ. ಇಂಥಾ ನೇಯ್ಗಿ ನಾ ಎಲ್ಲೂ ನೋಡಿಲ್ಲ ಬಿಡ್ರಿ!"

ಸಿದ್ದಕ್ಕನ ಎದೆ ತುಂಬಿಬಂತು. ತನ್ನ ಮಾತೂ ಗೆದ್ದಿತ್ತು, ತೀರಿಹೋದ ಗಂಡನ ಕೈಕೆಲಸವೂ ಗೆದ್ದಿತ್ತು.

"ಖರೇ, ಇದನ್ನ ಡಿಕ್ಕ್ಯಾಗ ಯಾಕ ಇಟ್ಟಿದ್ರಿ? ಸೀಟಿನ ಮ್ಯಾಲ ಇದ್ದಿದ್ರ ಆ ಗ್ಯಾರೇಜಿನವರಿಗೂ ಗೊತ್ತಾಗತಿತ್ತು," ಎಂದಳು ಶರ್ವರಿ.

ಬಾಳೇಶ ನೆಲ ನೋಡಿದ. ಬೆಳಗಾವಿ ಹತ್ತಿರ ಬಂತೆಂದರೆ ಕಾರು ನಿಲ್ಲಿಸಿ ಕಂಬಳಿಯನ್ನು ಡಿಕ್ಕಿಗೆ ಹಾಕುತ್ತಿದ್ದವನು ಅವನೇ. ಯಾಕೆಂದು ಅವನು ಹೇಳಿರಲಿಲ್ಲ, ಸಿದ್ದಕ್ಕ ಕೇಳಿರಲಿಲ್ಲ. ಕುರಿವಾಸನೆಯ ಕಂಬಳಿ ಮ್ಯಾನೇಜರ್ ಸಾಹೇಬರ ಕಾರಿಗೆ ಒಪ್ಪುವುದಿಲ್ಲವೆಂದು ತಾಯಿಗೆ ಬಿಡಿಸಿ ಹೇಳಬೇಕೇ?

"ಎಣ್ಣಿ ಗಿಣ್ಣಿ ಹತ್ತೀತು ಅಂತ ನಾನ ತಗಸಿದ್ನವಾ," ಎಂದಳು ಸಿದ್ದಕ್ಕ, ಕಣ್ಣು ಪಿಳುಕಿಸದೆ.

ಬಾಳೇಶ ತಟ್ಟನೆ ತಲೆಯೆತ್ತಿದ. ತಾಯಿಯ ಬಾಯಲ್ಲಿ ಸುಳ್ಳು ಕೇಳಿದ್ದು ಅವನಿಗೆ ಅದೇ ಮೊದಲು.

"ಇಲ್ಲರೀ," ಎಂದು ಶರ್ವರಿಯ ಕಡೆ ತಿರುಗಿದ. "ತಗದಾಂವ ನಾನ. ನಾಕ ಮಂದ್ಯಾಗ ನಾಚಿಕಿ ಬರತಿತ್ತು. ನಮ್ಮವ್ವ ಮೊದಲಿಂದ ಖರೇನ ಹೇಳ್ಯಾಳ."

ತಾಯಿಯನ್ನು ಎಬ್ಬಿಸಿ, ಕಂಬಳಿ ಎತ್ತಿ ಕೊಡವಿ, ಸ್ಟೇರಿಂಗಿನ ಮುಂದಿನ ತನ್ನ ಸೀಟಿಗೆ ಹಾಸಿ, ಅದರ ಮೇಲೆ ಕೂತ. ಸಿದ್ದಕ್ಕನ ಸೀಟಿನ ಗುಂಡಿ ತಾನೇ ಒತ್ತಿದ. ಖಾನಾಪುರದ ಕಡೆ ತಿರುಗಬೇಕಾದ ಕಾರು ಬೆಳಗಾವಿ ಪೇಟೆಯ ಕಡೆ ತಿರುಗಿತು.

"ಎತ್ತಾಗೋ?"

"ನಮ್ಮ ಬ್ಯಾಂಕಿನ ಹೆಡ್ ಆಫೀಸಿನ ಮುಂದ ಒಂದ್ ಸುತ್ತ ಹಾಕೂಣವ್ವಾ."

ಸಿದ್ದಕ್ಕ ಮಗನ ಬದಿಯ ಗಾಜು ಇಳಿಸೆಂದು ಕೈಸನ್ನೆ ಮಾಡಿ, ನೆಟ್ಟಗೆ ಕೂತಳು.