ಹೊಗೆ ಬಂದ ದಿಕ್ಕು

ನಮ್ಮ ಕಚೇರಿಯ ಕೆಲಸ ಗಾಳಿಯನ್ನು ಅಳೆಯುವುದು. ದಿನಕ್ಕೆ ಎರಡೇ ಸಲ ಅಳೆಯುತ್ತೇವೆ, ಬೆಳಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ. ಉಳಿದ ಹೊತ್ತು ಗಾಳಿ ಏನು ಮಾಡುತ್ತದೆ ಎಂಬುದು ಅದರ ಸ್ವಂತ ವಿಷಯ. ಅಳೆದದ್ದನ್ನು ನಮೂನೆಯಲ್ಲಿ ತುಂಬುವ ಗುಮಾಸ್ತ ನಾನು. ಆ ನಮೂನೆಯಲ್ಲಿ ಒಂಬತ್ತು ಕಲಂ ಇವೆ. ಎಂಟನ್ನು ಯಾರೂ ಓದುವುದಿಲ್ಲ. ಒಂಬತ್ತನೆಯದು ‘ಹೊಗೆ ಬಂದ ದಿಕ್ಕು’. ಹನ್ನೊಂದು ವರ್ಷದಿಂದ ನಾನು ಅಲ್ಲಿ ಒಂದೇ ಪದ ಬರೆಯುತ್ತಾ ಬಂದಿದ್ದೇನೆ: ಪಶ್ಚಿಮ.

ಪಶ್ಚಿಮಕ್ಕೆ ಇರುವುದು ಸಮುದ್ರ. ಸಮುದ್ರದಲ್ಲಿ ಯಾರು ಒಲೆ ಹಚ್ಚುತ್ತಾರೆ ಎಂದು ನೀವು ಕೇಳಬಹುದು. ನಮ್ಮ ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ.

ಹೊಗೆ ಬಿಡುವುದು ದಡದ ಮೇಲಿನ ಕಾರ್ಖಾನೆ. ಅದು ಊರಿಗೆಲ್ಲ ಗೊತ್ತು. ಆದರೆ ಕಾರ್ಖಾನೆಯವರು ಜಾಣರು. ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದಲ್ಲ, ಸರಿಯಾಗಿ ಆಗಲೇ ಬಾಯ್ಲರುಗಳಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸುತ್ತಾರೆ. ಏಳು ಗಂಟೆಗೆ ನಾವು ಹೋದರೆ ಹೊಗೆ ಊರಿಗೆ ಬೆನ್ನು ಹಾಕಿ ಸಮುದ್ರದ ಕಡೆ ಹೊರಟಿರುತ್ತದೆ. ‘ಊರಿಗೆ ತೊಂದರೆಯಿಲ್ಲ’ ಎಂದು ಬರೆಯುತ್ತೇವೆ. ಸುಳ್ಳಲ್ಲ. ಹನ್ನೊಂದರ ಹೊತ್ತಿಗೆ ನೆಲ ಕಾಯುತ್ತದೆ, ಗಾಳಿ ತಿರುಗುತ್ತದೆ, ಬೆಳಗ್ಗೆ ಕಳಿಸಿಕೊಟ್ಟ ಹೊಗೆಯೆಲ್ಲ ಸಮುದ್ರದ ಗಾಳಿಯ ಜತೆ ಮನೆಗೆ ವಾಪಸಾಗುತ್ತದೆ. ಎರಡು ಗಂಟೆಗೆ ನಾವು ಮತ್ತೆ ಹೋದರೆ ಚಿಮಣಿ ಬಾಯಿ ಒರೆಸಿಕೊಂಡು ಏನೂ ಗೊತ್ತಿಲ್ಲದವರ ಹಾಗೆ ನಿಂತಿರುತ್ತದೆ. ‘ಪಶ್ಚಿಮ’ ಎಂದು ಬರೆಯುತ್ತೇವೆ. ಅದೂ ಸುಳ್ಳಲ್ಲ. ಈ ಎರಡು ಸತ್ಯಗಳ ನಡುವೆ ಕಾರ್ಖಾನೆ ಹಾಯಾಗಿತ್ತು. ಅಕ್ಕ ಕಚೇರಿಗೆ ಬರುವವರೆಗೆ ನಾನೂ ಹಾಯಾಗಿದ್ದೆ.

ಅಕ್ಕ ಲಾಂಡ್ರಿ ನಡೆಸುತ್ತಾಳೆ. ದೊಡ್ಡಾಸ್ಪತ್ರೆಯ ಬೆಡ್‌ಶೀಟುಗಳನ್ನು ಇಪ್ಪತ್ತೆರಡು ವರ್ಷದಿಂದ ಒಗೆಯುತ್ತಿರುವವಳು ಅವಳೇ. ಅಮ್ಮ ಬೇಗ ಹೋಗಿಬಿಟ್ಟಳು. ನನ್ನ ಮೂಗು ಒರೆಸಿ, ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವಳೂ ಅಕ್ಕನೇ. ಇವತ್ತಿಗೂ ನನ್ನ ಬಿಳಿ ಅಂಗಿಗಳನ್ನು ಅವಳೇ ಒಗೆದು ಇಸ್ತ್ರಿ ಮಾಡಿ ಕಳಿಸುತ್ತಾಳೆ. ಗಿರಾಕಿಗಳ ಬಟ್ಟೆಗೆ ಅವಳು ಒಗೆದರೂ ಹೋಗದ ಶಾಯಿಯಲ್ಲಿ ನಂಬರು ಹಾಕುತ್ತಾಳೆ. ನನ್ನ ಅಂಗಿಯ ಕಾಲರಿನೊಳಗೆ ಮಾತ್ರ ನಂಬರಿಲ್ಲ, ‘ತ’ ಎಂಬ ಅಕ್ಷರ. ತ ಎಂದರೆ ತಮ್ಮ.

ಆ ಸೋಮವಾರ ಅವಳು ಒಂದು ಬೆಡ್‌ಶೀಟು ತಂದು ನನ್ನ ಮೇಜಿನ ಮೇಲೆ, ಫೈಲುಗಳೂ ಸೇರಿ ಮುಚ್ಚಿಹೋಗುವಂತೆ ಹರಡಿದಳು. ಮೈತುಂಬ ಕಪ್ಪು ಚುಕ್ಕಿ.

“ಏನೋ ಇದು?”

“ಚುಕ್ಕಿ ಅಕ್ಕಾ.”

“ಚುಕ್ಕಿ ಅನ್ನೋಕೆ ಸರ್ಕಾರ ನಿನಗೆ ಸಂಬಳ ಕೊಡ್ಬೇಕಾ? ಎಲ್ಲಿಂದ ಬಂತು ಹೇಳು. ಒಗೆದು ಹಾಕಿದಾಗ ಹಾಲಿನ ಹಾಗಿರುತ್ತೆ, ಸಂಜೆ ತೆಗೆಯೋಕೆ ಹೋದ್ರೆ ಹೀಗೆ. ಆಸ್ಪತ್ರೆ ಮೇಟ್ರನ್ ಏನಂದ್ರು ಗೊತ್ತಾ? ನನಗೆ ವಯಸ್ಸಾಯ್ತಂತೆ, ಕೈ ಸೋತಿದೆಯಂತೆ.” ಒಂದು ಚುಕ್ಕಿಯನ್ನು ಉಗುರಿನಿಂದ ಕೆರೆದಳು. “ಇದು ಕಾರ್ಖಾನೆ ಹೊಗೆ ಅಂತ ಗಾಳಿ ಕಚೇರಿಯಿಂದ ಒಂದು ಕಾಗದ ತನ್ನಿ, ನಾವು ಅವರನ್ನೇ ಕೇಳ್ತೀವಿ ಅಂದ್ರು. ಶುಕ್ರವಾರದೊಳಗೆ ತರದಿದ್ರೆ ಕೆಲಸ ಬೇರೆಯವರಿಗೆ.”

ನಮ್ಮ ಸಾಹೇಬರು ಹೊರಗೆ ಬಂದು ಬೆಡ್‌ಶೀಟನ್ನು ದೂರದಿಂದಲೇ ನೋಡಿದರು. “ಈ ಬಟ್ಟೆ ಪ್ರಮಾಣೀಕೃತ ಉಪಕರಣವೇನ್ರೀ?” ಎಂದು ನನ್ನನ್ನು ಕೇಳಿದರು. ಅಲ್ಲ ಸಾರ್ ಎಂದೆ. “ಹಾಗಾದರೆ ಇದರ ಮೇಲೆ ಏನೂ ಇಲ್ಲ” ಎಂದು ಒಳಗೆ ಹೋದರು.

ಅಕ್ಕ ಬಟ್ಟೆ ಮಡಿಸುತ್ತಾ ಹೇಳಿದಳು, “ಈಗ ನನಗೆ ನೀನೇ ದಿಕ್ಕು ಕಣೋ.”

ಮರುದಿನ ಅವಳೇ ಒಂದು ಪರೀಕ್ಷೆ ಮಾಡಿದಳು. ಬೆಳಗ್ಗೆ ಆರರಿಂದ ಸಂಜೆ ಐದರವರೆಗೆ, ಗಂಟೆಗೊಂದು ಬೆಡ್‌ಶೀಟು. ಗಂಟೆ ಹೊಡೆದೊಡನೆ ಒಂದನ್ನು ಇಳಿಸಿ ಇನ್ನೊಂದನ್ನು ಹಾಕಿದಳು. ಮೂಲೆಯಲ್ಲಿ ಹೊತ್ತು ಬರೆದಳು. ಬುಧವಾರ ಆ ಹನ್ನೊಂದನ್ನೂ ಹೊತ್ತು ತಂದು ಸಾಹೇಬರ ಕೋಣೆಯಲ್ಲಿ ಸಾಲಾಗಿ ಹಾಸಿದಳು. ಮೊದಲ ಐದು ಬೆಳ್ಳಗಿದ್ದವು. ಹನ್ನೊಂದರಿಂದ ಆಚೆಗೆ ಚುಕ್ಕಿ ಶುರು. ಒಂದರಿಂದ ಎರಡರವರೆಗಿನದನ್ನು ನೋಡಲಾಗುತ್ತಿರಲಿಲ್ಲ.

“ಬೆಳಗ್ಗೆ ಚಿಮಣಿ ಹೊಗೆ ಸಮುದ್ರದ ಮೇಲೆ ಹೋಗಿ ಕೂತ್ಕೊಳ್ಳುತ್ತೆ ಸಾರ್,” ಎಂದಳು ಅಕ್ಕ. “ಹತ್ತು ಗಂಟೆಗೆ ನಮ್ಮ ಮಾಳಿಗೆಯಿಂದ ನೋಡಿ, ನೀರಿನ ಮೇಲೆ ಕಂದು ಬಣ್ಣದ ಪಟ್ಟಿ ಕಾಣುತ್ತೆ. ಮೇಲೆ ಹೋಗಲ್ಲ. ಕೆಳಗಿನ ಗಾಳಿ ತಣ್ಣಗಿರುತ್ತೆ, ಮೇಲಿಂದು ಬಿಸಿ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಆಗುತ್ತೆ. ಆಮೇಲೆ ಗಾಳಿ ತಿರುಗಿದ ತಕ್ಷಣ ಅದೆಲ್ಲಾ ನೇರವಾಗಿ ನನ್ನ ಬಟ್ಟೆ ಮೇಲೆ.”

ಹನ್ನೊಂದು ವರ್ಷದಲ್ಲಿ ಆ ಕೋಣೆಯೊಳಗೆ ಗಾಳಿಯ ಬಗ್ಗೆ ಅಷ್ಟು ಸರಿಯಾಗಿ ಯಾರೂ ಮಾತಾಡಿರಲಿಲ್ಲ. ನನಗೆ ಹೆಮ್ಮೆಯಾಯಿತು. ಸಾಹೇಬರ ಮುಖವೂ ಅರಳಿತು.

“ಭೇಷ್!” ಎಂದರು. “ಸಮುದ್ರದ ಗಾಳಿ ಬರೋವರೆಗೆ ಚುಕ್ಕಿ ಇಲ್ಲ, ಬಂದ ಮೇಲೆ ಚುಕ್ಕಿ. ಅಂದ್ರೆ ತಪ್ಪು ಸಮುದ್ರದ್ದೇ ಅಂತ ನೀವೇ ಸಾಬೀತು ಮಾಡಿದ್ರಲ್ಲಮ್ಮ!”

ಅಕ್ಕ ನನ್ನ ಮುಖ ನೋಡಿದಳು. ನಾನು ಬೆಡ್‌ಶೀಟು ನೋಡಿದೆ.

ತಪ್ಪು ಯಾರದ್ದು ಎಂದು ಗೊತ್ತಾದ ಮೇಲೆ ನೋಟೀಸು ಕೊಡಲೇಬೇಕು, ಅದು ನಿಯಮ. ‘ಸಮುದ್ರ, ಊರಿನ ಪಶ್ಚಿಮಕ್ಕೆ’ ಎಂದು ವಿಳಾಸ ಬರೆದು, ಹದಿನೈದು ದಿನದೊಳಗೆ ವಿವರಣೆ ಕೊಡತಕ್ಕದ್ದು ಎಂದು ಟೈಪು ಮಾಡಿದೆ. ನಗಬೇಡಿ, ನಾನೂ ನಗಲಿಲ್ಲ. ಕಚೇರಿಯಲ್ಲಿ ಕುಳಿತು ಬರೆಯುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಗುರುವಾರ ಅದನ್ನು ದಡದ ಕಂಬಕ್ಕೆ ಅಂಟಿಸಿ ಬಂದೆ. ಅಂಟು ಒಣಗುವ ಮೊದಲೇ ಗಾಳಿಗೆ ಕಿತ್ತು ಹೋಗಿ ಅಲೆಯೊಳಗೆ ಬಿತ್ತು. ಹಾಗೆಂದು ವರದಿ ಮಾಡಿದರೆ ಸಾಹೇಬರು ಕಡತದಲ್ಲಿ ‘ಎದುರುದಾರರು ನೋಟೀಸನ್ನು ಖುದ್ದಾಗಿ ಸ್ವೀಕರಿಸಿರುತ್ತಾರೆ’ ಎಂದು ಬರೆದರು.

ಶುಕ್ರವಾರ ಬಂತು. ಆಸ್ಪತ್ರೆಗೆ ಕೊಡಬೇಕಾದ ಕಾಗದವನ್ನು ಟೈಪು ಮಾಡಿ ಸಾಹೇಬರ ಮುಂದಿಟ್ಟೆ. ‘ಸದರಿ ಕಪ್ಪು ಕಣಗಳು ಗಾಳಿಯಿಂದ ಬಂದವು. ಹೊಗೆ ಬಂದ ದಿಕ್ಕು’ ಎಂದು ಬರೆದು ಮುಂದೆ ಒಂದು ಗೇಣು ಜಾಗ ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ಸಾಹೇಬರಿಗೆ ಅವಸರ. ಕಾರ್ಖಾನೆಯವರು ನಮ್ಮ ಕಚೇರಿಗೆ ‘ಶುದ್ಧ ಗಾಳಿಯ ಗೆಳೆಯ’ ಎಂಬ ಫಲಕ ಕೊಡುವವರಿದ್ದರು, ಕಾರು ಬಾಗಿಲಲ್ಲಿ ನಿಂತಿತ್ತು. ಪೂರ್ತಿ ಓದದೆ ಸಹಿ ಹಾಕಿ, “ದಿಕ್ಕು ನೀವೇ ತುಂಬಿ ಕಳಿಸಿಬಿಡಿ ರೀ” ಎಂದು ಹೊರಟೇಹೋದರು.

ಸಹಿಯಾದ ಹಾಳೆ, ಖಾಲಿ ಜಾಗ, ಪೆನ್ನು. ಕೋಣೆಯಲ್ಲಿ ನಾನೊಬ್ಬನೇ. ‘ಕಾರ್ಖಾನೆಯ ಚಿಮಣಿ’ ಎಂದು ಎರಡು ಪದ ಬರೆದರೆ ಆಯಿತು, ಅಕ್ಕನ ಕೆಲಸ ಉಳಿಯುತ್ತದೆ. ನಿಜ ಹೇಳುತ್ತೇನೆ, ಅದನ್ನೇ ಬರೆಯಬೇಕೆಂದು ಕುಳಿತಿದ್ದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಾರ್ಖಾನೆಯಿಂದ. “ಸಾಹೇಬ್ರು ಹೊರಟ್ರಾ? ನೀವೂ ಬನ್ನಿ ಸಾರ್, ನಿಮಗೂ ಒಂದು ಕುರ್ಚಿ ಹಾಕಿಸಿದ್ದೀವಿ” ಎಂದಿತು ದನಿ. ಹೂಂ ಹೂಂ ಎನ್ನುತ್ತಾ ಫೋನಿಟ್ಟು ನೋಡುತ್ತೇನೆ, ಹಾಳೆಯ ಮೇಲೆ ‘ಪಶ್ಚಿಮ’ ಎಂದಿದೆ. ಹನ್ನೊಂದು ವರ್ಷದ ಅಭ್ಯಾಸ, ಕೈ ತಾನಾಗಿಯೇ ಬರೆದುಬಿಟ್ಟಿತ್ತು.

ಕೈ ಬರೆಯಿತು, ಸರಿ. ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಬರೆಯಬಹುದಿತ್ತಲ್ಲ? ಬರೆಯಲಿಲ್ಲ. ಹೆದರಿದೆ. ಸಹಿಯಾದ ಕಾಗದದಲ್ಲಿ ತಿದ್ದುಪಡಿ ಮಾಡಬಾರದು ಎಂಬ ನಿಯಮ ಆಗ ನೆನಪಿಗೆ ಬಂತು. ಅಂಥ ಹೊತ್ತಿನಲ್ಲಿ ನಿಯಮಗಳು ಬೇಗ ನೆನಪಿಗೆ ಬರುತ್ತವೆ. ಲಕೋಟೆಗೆ ಹಾಕಿ ಆಸ್ಪತ್ರೆಗೆ ಕಳಿಸಿ, ಕಾರ್ಖಾನೆಗೆ ಹೋಗಿ ನನ್ನ ಕುರ್ಚಿಯಲ್ಲಿ ಕುಳಿತೆ.

ಶನಿವಾರ ಅಕ್ಕನ ಮನೆಗೆ ಹೋದಾಗ ಬಟ್ಟೆ ಒಣಹಾಕುವ ಹಗ್ಗಗಳೆಲ್ಲ ಬರಿದಾಗಿದ್ದವು. ಅವಳು ಇಸ್ತ್ರಿ ಮೇಜಿನ ಹತ್ತಿರ ಸುಮ್ಮನೆ ಕುಳಿತಿದ್ದಳು.

“ಮೇಟ್ರನ್ ಜೋರಾಗಿ ನಕ್ಕುಬಿಟ್ರು ಕಣೋ,” ಎಂದಳು. “ಸಮುದ್ರ ಮಸಿ ಉಗುಳುತ್ತಾ, ಸುಳ್ಳಿಗೂ ಒಂದು ಮಿತಿ ಬೇಡ್ವಾ ಅಂದ್ರು. ಎಲ್ಲರೆದುರಿಗೆ. ಕೆಲಸ ಬೇರೆಯವರಿಗೆ ಹೋಯ್ತು.”

“ಸಾಹೇಬ್ರು ಬರೆದಿದ್ದು ಅಕ್ಕಾ,” ಎಂದೆ. “ನಾನೇನು ಮಾಡ್ಲಿ?”

ಅವಳು ಮೇಜಿನ ಡ್ರಾಯರಿನಿಂದ, ಮೇಟ್ರನ್ ವಾಪಸ್ ಕೊಟ್ಟಿದ್ದ ಆ ಕಾಗದ ತೆಗೆದು ನನ್ನ ಮುಂದಿಟ್ಟು ಒಂದು ಅಕ್ಷರದ ಮೇಲೆ ಬೆರಳಿಟ್ಟಳು. “ಪ. ತಲೆಕಟ್ಟು ಇಷ್ಟುದ್ದ ಎಳೆದು ಕೊನೆಗೊಂದು ಕೊಕ್ಕೆ. ಹಾಗೆ ಎಳೀಬೇಡ್ವೋ ಅಂತ ಬೆರಳಿಗೆ ಎಷ್ಟು ಸಲ ಹೊಡೆದಿದ್ದೀನಿ ನಾನು?”

ನಾಚಿಕೆಯಿಂದ ಮೈ ಹಿಡಿಯಾಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಉಪವಾಸ ಬೀಳಲಿಲ್ಲ, ಅದನ್ನೂ ಹೇಳಬೇಕು. ಎರಡು ವಾರದಲ್ಲಿ ಬೇರೆ ಕೆಲಸ ಸಿಕ್ಕಿತು: ಕಾರ್ಖಾನೆಯ ಕೆಲಸಗಾರರ ಸಮವಸ್ತ್ರ. ಕಡು ನೀಲಿ, ಹೆಚ್ಚುಕಡಿಮೆ ಕಪ್ಪೇ. ಅದರ ಮೇಲೆ ಯಾವ ಚುಕ್ಕಿಯೂ ಕಾಣುವುದಿಲ್ಲ. ‘ಅರ್ಜಿದಾರರಿಗೆ ಈಗ ಯಾವುದೇ ದೂರು ಇರುವುದಿಲ್ಲ’ ಎಂದು ನಾನೇ ಬರೆದು ಕಡತ ಮುಚ್ಚಿದೆ. ಊರಿನ ಗಾಳಿ ಸುಧಾರಿಸಿದೆ ಎಂದು ಸಾಹೇಬರು ವಾರ್ಷಿಕ ವರದಿಯಲ್ಲಿ ಸೇರಿಸಿದರು.

ಕಡತ ಮುಚ್ಚಿದ ಮೇಲಿನ ಸೋಮವಾರ ನನ್ನ ಅಂಗಿಗಳು ಎಂದಿನಂತೆ ಇಸ್ತ್ರಿಯಾಗಿ ಬಂದವು, ಒಂದು ಮಡಿಕೆಯೂ ಆಚೀಚೆ ಇಲ್ಲ. ಹಾಕಿಕೊಳ್ಳುವಾಗ ಕಾಲರಿನೊಳಗೆ ಕಣ್ಣು ಹೋಯಿತು. ‘ತ’ದ ಮೇಲೆ ಅಡ್ಡಗೆರೆ ಎಳೆದಿತ್ತು. ಪಕ್ಕದಲ್ಲಿ ‘ಪ’ ಎಂದು ಬರೆದಿತ್ತು, ಉದ್ದ ತಲೆಕಟ್ಟು, ಕೊನೆಗೊಂದು ಕೊಕ್ಕೆ. ಉಳಿದ ಐದು ಅಂಗಿಗಳನ್ನೂ ಬಿಡಿಸಿ ನೋಡಿದೆ. ಎಲ್ಲದರಲ್ಲೂ ಹಾಗೆಯೇ ಇತ್ತು.

ಸೋಪು ಹಚ್ಚಿ ಉಜ್ಜಿದೆ, ಬ್ರಷ್ಷಿನಿಂದ ತಿಕ್ಕಿದೆ. ಅದು ಹೋಗುವ ಶಾಯಿಯಲ್ಲ. ಒದ್ದೆ ಕಾಲರಿನ ಆ ಅಂಗಿಯನ್ನೇ ತೊಟ್ಟು ಎರಡು ಗಂಟೆಗೆ ಗಾಳಿ ಅಳೆಯಲು ಹೋದೆ.