ಹಳದಿ ಚೌಕಳಿ

"ಮೆಣಸೂ," ಎಂದು ಅತ್ತೆ ಕರೆದರು. ಹೊಸ ನಾಯಿಮರಿ ಬಾಲ ಆಡಿಸುತ್ತ ಅವರ ಹೊಲಿಗೆ ಯಂತ್ರದ ಕೆಳಗೆ ಓಡಿತು. ಸತ್ತ ಮರಿಯ ಹೆಸರಿಗೆ ಬದುಕಿರುವ ಮರಿ ಓಗೊಟ್ಟಿತ್ತು.

"ಅತ್ತೆ, ಅದು ಮೆಣಸು ಅಲ್ಲ."

"ನನಗೆ ಗೊತ್ತಮ್ಮ. ಈ ನಾಲಿಗೆಗೆ ಗೊತ್ತಾಗ್ಬೇಕಲ್ಲ."

ಮೆಣಸು ಹೋದ ಬೇಸಿಗೆಯಲ್ಲಿ ಪಾರ್ವೊ ಎಂಬ ವೈರಸ್ ರೋಗ ಬಂದು ಸತ್ತಿತ್ತು. ಮೊದಲು ಊಟ ಬಿಟ್ಟಿತು, ಆಮೇಲೆ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಏನೋ ತಿಂದಿರಬೇಕು, ತಾನಾಗಿ ಸರಿಹೋಗುತ್ತದೆ ಎಂದುಕೊಂಡೆವು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅದರ ಒಸಡು ಕಾಗದದಂತೆ ಬಿಳಿಚಿಕೊಂಡಿತ್ತು. ತುಕ್ಕು ಹಿಡಿದ ಕಬ್ಬಿಣವೂ ಕೊಳೆತ ಮಾಂಸವೂ ಸೇರಿದಂಥ ಆ ವಾಸನೆ ಮನೆಯಿಂದ ಹೋದರೂ ನನ್ನ ಮೂಗಿನಿಂದ ಹೋಗಲಿಲ್ಲ.

ಅಂದು ಡಾಕ್ಟರಮ್ಮ ಹೇಳಿದ್ದರು: "ನಾಯಿ ಹೋದ್ರೂ ಈ ವೈರಸ್ಸು ತಿಂಗಳುಗಟ್ಟಲೆ ಮನೇಲೇ ಇರುತ್ತೆ. ಫಿನಾಯಿಲ್‌ಗೆಲ್ಲ ಜಗ್ಗಲ್ಲ. ಸೋಪಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಬ್ಲೀಚ್ ನೀರು ಹಾಕಿ. ಹಾಕಿದ ತಕ್ಷಣ ಒರೆಸ್ಬೇಡಿ, ಸ್ವಲ್ಪ ಹೊತ್ತು ನಿಲ್ಲಲಿ."

ನೆಲ, ಮೆಟ್ಟಿಲು, ಬಾಗಿಲಿನ ಸಂದಿ, ಮಂಚದ ಕಾಲು, ಯಾವುದನ್ನೂ ನಾನು ಬಿಡಲಿಲ್ಲ. ಅದರ ತಟ್ಟೆಯನ್ನೂ ಆಟದ ಚೆಂಡನ್ನೂ ಎಸೆದೆ.

"ದೆವ್ವ ಬಿಡಿಸೋರು ಪೊರಕೆ ಹಿಡೀತಾರೆ, ನೀನು ಬಕೆಟ್ ಹಿಡಿದಿದ್ದೀಯಲ್ಲೇ," ಎಂದು ನನ್ನ ಗಂಡ ನಕ್ಕರು. ನಾನು ನಗಲಿಲ್ಲ. ನನಗೂ ಹಾಗೇ ಅನ್ನಿಸುತ್ತಿತ್ತು, ಒರೆಸಿದ ಕೋಣೆಯಿಂದ ಯಾವುದೋ ಒಂದು ಎದ್ದು ಪಕ್ಕದ ಕೋಣೆಗೆ ಹೋಗಿ ಕೂತ ಹಾಗೆ.

ಹೊಸ ಮರಿ ಬಂದಾಗ ಮೊದಲ ಚುಚ್ಚುಮದ್ದು ಆಗಿತ್ತು. ಅದೊಂದೇ ಸಾಲದು, ಎಲ್ಲ ಡೋಸೂ ಮುಗಿಯುವವರೆಗೆ ಬೀದಿಗೆ ಇಳಿಸಬೇಡಿ ಎಂದಿದ್ದರು ಡಾಕ್ಟರಮ್ಮ. ನಾನು ಅದನ್ನು ಹೊಸಿಲು ದಾಟಿಸಲಿಲ್ಲ. ಹೊರಗಿನ ಚಪ್ಪಲಿ ಒಳಗೆ ಬರದಂತೆ ಕಾವಲು ಕೂತೆ. ಹೆಸರನ್ನೂ ಇಡಲಿಲ್ಲ. ಡೋಸು ಮುಗಿಯಲಿ, ಆಮೇಲೆ ಇಟ್ಟರಾಯಿತು ಎಂದುಕೊಂಡೆ. ಹೆಸರಿಟ್ಟ ಮೇಲೆ ಕಳೆದುಕೊಳ್ಳುವುದು ಎಂಥದೆಂದು ಗೊತ್ತಿತ್ತು.

ಒಂದು ಬೆಳಿಗ್ಗೆ ತಟ್ಟೆಯ ಸದ್ದಿಗೆ ಮರಿ ಏಳಲಿಲ್ಲ. ಅತ್ತೆ ಹೊಲಿದು ಯಂತ್ರದ ಕೆಳಗೆ ಹಾಕಿದ್ದ ಹಾಸಿಗೆಯ ಮೇಲೆ ಮುದುಡಿ ಮಲಗಿತ್ತು. ನೋಡನೋಡುತ್ತ ಬಿಳಿ ನೊರೆ ಕಾರಿತು.

"ಹಲ್ಲು ಬರ್ತಿರ್ಬೇಕು ಬಿಡೇ. ಹಾಲಲ್ಲಿ ಬಾಯಿ ಸುಟ್ಕೊಂಡೋಳು ಮಜ್ಜಿಗೇನೂ ಊದಿ ಕುಡಿದ್ಲಂತೆ," ಎಂದರು ಗಂಡ.

"ಊದೇ ಕುಡೀತೀನಿ ರೀ. ಕಾರಿನ ಕೀ ಕೊಡಿ."

ಡಾಕ್ಟರಮ್ಮ ಮರಿಯ ಹಿಂಬದಿಯಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು, ದ್ರವದಲ್ಲಿ ಕಲಸಿ ಪರೀಕ್ಷೆಯ ಪಟ್ಟಿಗೆ ಹನಿಸಿದರು. ಒಂದು ಗೆರೆ ಮೂಡಿತು. ಅದರ ಪಕ್ಕದಲ್ಲಿ, ನೆರಳಿನ ಹಾಗೆ, ಇನ್ನೊಂದು.

"ಪಾರ್ವೊನೇ. ಬೇಗ ತಂದಿದ್ದೀರಿ, ಅದೊಂದು ಪುಣ್ಯ." ಪುಟ್ಟ ಮುಂಗಾಲಿಗೆ ಸೂಜಿ ಸೇರಿಸುತ್ತ ಹೇಳಿದರು, "ಈ ವೈರಸ್ಸನ್ನೇ ಕೊಲ್ಲೋ ಔಷಧ ನನ್ನ ಹತ್ರ ಇಲ್ಲಮ್ಮ. ಮೈಯಲ್ಲಿ ನೀರು ಆರದ ಹಾಗೆ ಡ್ರಿಪ್ಪು, ವಾಂತಿ ನಿಲ್ಲೋಕೆ ಒಂದು, ಕರುಳಿನ ನಂಜು ರಕ್ತಕ್ಕೇರದ ಹಾಗೆ ಇನ್ನೊಂದು. ಉಳಿದಿದ್ದು ಅದೇ ಹೋರಾಡ್ಬೇಕು. ಬೀದಿಗೆ ಇಳಿಸಿದ್ರಾ?"

"ಒಂದು ಸಲಾನೂ ಇಲ್ಲ."

"ಹಾಗಾದ್ರೆ ಮನೆಯೊಳಗೇ ಎಲ್ಲೋ ಇದೆ. ಹುಡುಕಿ."

ಮನೆಯೊಳಗೇ ಎಲ್ಲೋ ಇದೆ. ಮರಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಮನೆಗೆ ಹೊರಟರೆ, ದಾರಿಯುದ್ದಕ್ಕೂ ಆ ಮಾತು ಹಿಂದಿನ ಸೀಟಿನಲ್ಲಿ ಕೂತು ನನ್ನ ಜೊತೆಗೇ ಬಂತು.

ಮಂಚದ ಅಡಿ, ಕಪಾಟಿನ ಹಿಂದೆ, ಎಲ್ಲ ಕಡೆ ಹುಡುಕಿದೆ. ಕೊನೆಗೆ ಮರಿಯ ಹಾಸಿಗೆ ಎತ್ತಿದೆ. ಮರಿ ಒಂದು ಮೂಲೆಯನ್ನು ಕಚ್ಚಿ ಹೊಲಿಗೆ ಬಿಚ್ಚಿತ್ತು. ಒಳಗಿನಿಂದ ಹಳದಿ ಚೌಕಳಿಯ ಬಟ್ಟೆಯ ಅಂಚು ಇಣುಕುತ್ತಿತ್ತು.

ಅದು ಮೆಣಸಿನ ಹೊದಿಕೆ. ಅದರಲ್ಲೇ ಸುತ್ತಿ ಹೂಳಿದ್ದೆವು.

ಅತ್ತೆ ಯಂತ್ರದ ಚಕ್ರ ನಿಲ್ಲಿಸಿದರು. ನನ್ನ ಕೈಯಲ್ಲಿದ್ದದ್ದು ನೋಡಿ ಅವರ ಮುಖ ಸಣ್ಣಗಾಯಿತು.

"ಪೂರ್ತಿ ಮಣ್ಣಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ ಕಣಮ್ಮ. ಹೂಳೋ ಮೊದ್ಲೇ ಅರ್ಧ ಕತ್ತರಿಸಿ ಇಟ್ಕೊಂಡೆ. ಫಿನಾಯಿಲ್ ಹಾಕಿ ಚೆನ್ನಾಗಿ ಒಗೆದಿದ್ದೀನಿ."

ಅತ್ತೆ ಜೀವಮಾನವೆಲ್ಲ ಊರವರ ಬಟ್ಟೆ ಹೊಲಿದವರು. ಒಂದು ತುಂಡನ್ನೂ ಎಸೆದವರಲ್ಲ. ಹಳೆಯ ಅಂಗಿ ದಿಂಬಾಗುತ್ತಿತ್ತು, ದಿಂಬು ಕೈವಸ್ತ್ರವಾಗುತ್ತಿತ್ತು. ಬಟ್ಟೆಗೆ ಸಾವಿಲ್ಲ ಎನ್ನುವುದು ಅವರ ಮಾತು.

"ಪಾಪ, ತಾಯಿ ಬಿಟ್ಟು ಬಂದಿದೆ, ಒಂಟಿ ಅನ್ನಿಸ್ಬಾರ್ದು, ಜೊತೆಗೊಬ್ಬ ಇರ್ಲಿ ಅಂತ ಒಳಗೆ ಇಟ್ಟು ಹೊಲಿದೆ," ಎಂದರು.

ಜೊತೆಗೊಬ್ಬ ಇದ್ದ. ಮರಿ ಅವನ ಮೇಲೆ ತಲೆಯಿಟ್ಟು ಮಲಗುತ್ತಿತ್ತು, ನಿದ್ದೆಯಲ್ಲಿ ಅವನನ್ನು ಚೀಪುತ್ತಿತ್ತು. ನಾನು ಕಣ್ಣಲ್ಲಿ ಕಣ್ಣಿಟ್ಟು ಬಾಗಿಲು ಕಾಯುತ್ತಿದ್ದೆ.

ಬೈಯಬೇಕೆಂದೇ ಬಾಯಿ ತೆರೆದವಳು ಹಾಸಿಗೆಯ ಉಳಿದ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಹೊರಗೆಳೆದೆ.

"ಸುಟ್ಟುಬಿಡ್ತೀಯಾ?" ಎಂದರು ಅತ್ತೆ.

"ಹಾಸಿಗೆ ಸುಡ್ಲೇಬೇಕು. ಈ ಬಟ್ಟೇನ ಬೇಕಾದ್ರೆ ಸೋಪಲ್ಲಿ ಒಗೆದು ಬ್ಲೀಚಲ್ಲಿ ನೆನೆಸೋಣ. ಆದ್ರೆ ಬಣ್ಣ ಉಳಿಯಲ್ಲ ಅತ್ತೆ."

ಅವರೇ ಒಗೆದರು, ಅವರೇ ಬಕೆಟ್ಟಿಗೆ ಇಳಿಸಿದರು. ಇಬ್ಬರೂ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡಿದೆವು. ಚೌಕಳಿಯ ಗೆರೆಗಳು ಒಂದೊಂದಾಗಿ ಕರಗಿದವು. ಬಟ್ಟೆಯನ್ನು ಹಿಂಡಿ, ಒಣಗಿಸಿ, ಅತ್ತೆ ಮೂಗಿಗೆ ಹಿಡಿದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

"ಇದ್ರಲ್ಲಿ ಈಗ ಯಾರೂ ಇಲ್ಲ," ಎಂದರು.

ಮರಿ ಬದುಕಿತು. ವಾಂತಿ ನಿಂತು, ನೀರು ದಕ್ಕಿ, ಎಲುಬು ಕಾಣುವ ಮೈ ಹೊತ್ತು ಮನೆಗೆ ಬಂತು. ಇನ್ನೂ ಕೆಲವು ವಾರ ಇದರಿಂದ ಬೇರೆ ನಾಯಿಗಳಿಗೆ ಹರಡಬಹುದು, ದೂರವಿಡಿ ಎಂದರು ಡಾಕ್ಟರಮ್ಮ. ಗಂಡ ಯಾವ ತಮಾಷೆಯನ್ನೂ ಮಾಡದೆ ತಾವೇ ಬಕೆಟ್ ಹಿಡಿದರು.

ಮರಿ ಸೀದಾ ಯಂತ್ರದ ಕೆಳಗೆ ಹೋಗಿ, ಹಾಸಿಗೆ ಇದ್ದ ಜಾಗವನ್ನು ಮೂಸಿ, ಸುತ್ತು ಹಾಕಿ ಮತ್ತೆ ಮೂಸಿತು. ಯಾರನ್ನೋ ಕೇಳುವಂತೆ ನಮ್ಮ ಕಡೆ ನೋಡಿತು.

"ಇನ್ನಾದ್ರೂ ಹೆಸರಿಡಮ್ಮ," ಎಂದರು ಅತ್ತೆ, ಬಿಳಿ ಬಟ್ಟೆಯನ್ನು ಮಡಿಲಲ್ಲಿ ಮಡಚುತ್ತ. "ಇಲ್ದಿದ್ರೆ ನನ್ನ ಬಾಯಲ್ಲಿ ಹಳೇದೇ ಬರುತ್ತೆ."

ಮರಿ ಕಿವಿ ನಿಮಿರಿಸಿ ಕಾಯುತ್ತಿತ್ತು. ಕರೆಯಲು ನಾನು ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದದ್ದು ಒಂದೇ ಹೆಸರು.